ಮುಗ್ಗಲು ವಾಸನೆಯ ಮೂಲಶೋಧ

ಪುಷ್ಯ, ಆಶ್ಲೇಷಗಳ ಜಡಿಮಳೆ ಹಿಡಿದು, ಲಕ್ಷ್ಮಣತೀರ್ಥವು ಕೆಮ್ಮಣ್ಣಿನ ಬಣ್ಣ ತಳೆದು ಹರಿಯತೊಡಗುವ ದಿನಗಳಲ್ಲಿ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ, ಮುಚ್ಚಿದ ಕೋಣೆಯ ಬಾಗಿಲು ತೆರೆದೊಡನೆ ಮೂಗಿಗೆ ತಾಕುವ ವಾಸನೆಯೊಂದುಂಟು. ಹಳೆಯ ತೊಟ್ಟಿಮನೆಯ ಕತ್ತಲೆಕೋಣೆಯಲ್ಲಿ ಅದು ಇರುತ್ತದೆ. ತಂಬಾಕಿನ ಬೇಲುಗಳನ್ನು ಒಟ್ಟಿದ ಕೊಠಡಿಯಲ್ಲಿ ಇರುತ್ತದೆ. ಮೈಸೂರಿನಿಂದ ಮಡಿಕೇರಿಯ ಕಡೆಗೆ ಸಾಗುವ ಹೆದ್ದಾರಿಯ ಇಕ್ಕೆಲದಲ್ಲಿ, ಇಳಿಜಾರು ನಿವೇಶನದ ಒಂದಡಿಯೂ ವ್ಯರ್ಥವಾಗಬಾರದೆಂದು ಅಂಗಡಿಯ ಕೆಳಗೆ ತೋಡಿ ಕಟ್ಟಿದ ನೆಲಮಾಳಿಗೆಗಳಲ್ಲಂತೂ ಮಳೆಗಾಲ ಕಳೆದ ಮೇಲೂ ಬಿಟ್ಟುಹೋಗುವುದಿಲ್ಲ. ನಮ್ಮ ಜನ ಇದನ್ನು ಮುಗ್ಗಲು ವಾಸನೆ ಎನ್ನುತ್ತಾರೆ. ಇದಕ್ಕೆ ಮಾಡುವ ಉಪಚಾರವೂ ಎಲ್ಲರಿಗೆ ತಿಳಿದದ್ದೇ: ಊದುಬತ್ತಿ ಹಚ್ಚುವುದು, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸುವುದು, ಬೀರುವಿನ ಮೂಲೆಗೆ ನುಸಿಗುಳಿಗೆ ಸೇರಿಸುವುದು, ಕೈಯಲ್ಲಿ ಕಾಸಿದ್ದವರಾದರೆ ಗೋಡೆಗೆ ಹೊಸ ಬಣ್ಣ ಬಳಿಸುವುದು. ಸಾಂಬ್ರಾಣಿಯ ಹೊಗೆ ಆರಿದೊಡನೆ ಮುಗ್ಗಲು ಮರಳುತ್ತದೆ. ಬಣ್ಣವಾದರೆ ಮುಂದಿನ ಮಳೆಗೆ ಹೊಪ್ಪಳೆಯೆದ್ದು ಕಳಚುತ್ತದೆ. ನೀರು ತಾನಿರಬೇಕಾದ ಸ್ಥಳವನ್ನು ಬಿಟ್ಟು ಮನೆಯೊಳಗೆ ಬೇರೆಲ್ಲೋ ಸೇರಿಕೊಂಡಿರುವ ತನಕ ಹೀಗಾಗದೆ ವಿಧಿಯಿಲ್ಲ. ಆದಕಾರಣ, ವಾಸನೆಯನ್ನು ಅಟ್ಟಬೇಕೆಂಬುವನು ಮೊದಲು ಮಾಡಬೇಕಾದದ್ದು ನೀರಿನ ದಾರಿಯನ್ನು ಹುಡುಕುವುದು.

ವಾಸನೆಯ ಸ್ವರೂಪವನ್ನು ತುಸು ಅರಿತರೆ ಈ ಹುಡುಕಾಟ ಸುಲಭವಾಗುತ್ತದೆ. ನಾವು ಬೂಷ್ಟು ಎಂದು ಕರೆಯುವ ಶಿಲೀಂಧ್ರದ ಬೀಜಕಣಗಳು ಗಾಳಿಯಲ್ಲಿ ಸದಾ ತೇಲುತ್ತಿರುತ್ತವೆ. ಅವಿಲ್ಲದ ಮನೆಯೇ ಇಲ್ಲ. ಮರ, ಕಾಗದ, ಗೋಣಿಚೀಲ, ಹತ್ತಿಬಟ್ಟೆ, ತೊಗಲು, ಗೋಡೆಯ ಮೇಲೆ ಕುಳಿತ ಧೂಳು ಇವೆಲ್ಲವೂ ಅವಕ್ಕೆ ಆಹಾರವೇ. ಇಷ್ಟೆಲ್ಲ ಇದ್ದರೂ ತೇವವೊಂದು ದೊರೆಯುವ ತನಕ ಅವು ಸುಪ್ತವಾಗಿ ಬಿದ್ದಿರುತ್ತವೆ. ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 70, 80ನ್ನು ದಾಟಿ ಕೆಲವು ದಿನ ನಿಂತಿತೆಂದರೆ, ಅಥವಾ ನೆನೆದ ವಸ್ತುವೊಂದು ಒಂದೆರಡು ದಿನದೊಳಗೆ ಒಣಗದೆ ಉಳಿಯಿತೆಂದರೆ, ಅವು ಮೊಳೆತು ಹಬ್ಬತೊಡಗುತ್ತವೆ; ಹಬ್ಬುವಾಗ ಹೊರಬಿಡುವ ಆವಿರೂಪದ ಸಂಯುಕ್ತಗಳೇ ಮುಗ್ಗಲು ವಾಸನೆಯ ಬಹುಭಾಗ. ಮಣ್ಣಿನಲ್ಲಿ ವಾಸಿಸುವ ಕೆಲವು ಸೂಕ್ಷ್ಮಜೀವಿಗಳು ಸೂಸುವ ಜಿಯೋಸ್ಮಿನ್ ಎಂಬ ಪದಾರ್ಥವೂ ಇದರೊಡನೆ ಬೆರೆತಿರುತ್ತದೆ. 1965ರಲ್ಲಿ ಅಮೆರಿಕದ ಗರ್ಬರ್ ಮತ್ತು ಲೆಶೆವಾಲಿಯೇ ಎಂಬ ವಿಜ್ಞಾನಿಗಳು ಬೇರ್ಪಡಿಸಿ ಹೆಸರಿಟ್ಟ ಈ ವಸ್ತುವೇ ಮೊದಲ ಮಳೆಯ ಮಣ್ಣಿನ ಕಂಪಿನಲ್ಲಿಯೂ ಬೀಟ್‌ರೂಟಿನ ಮಣ್ಣುವಾಸನೆಯಲ್ಲಿಯೂ ಇರುವುದು. ಗಾಳಿಯ ಲಕ್ಷ ಕೋಟಿ ಭಾಗಗಳಲ್ಲಿ ಇದರ ಕೆಲವೇ ಭಾಗವಿದ್ದರೂ ಮನುಷ್ಯನ ಮೂಗು ಅದನ್ನು ಗುರುತಿಸಬಲ್ಲದು. ಆದ್ದರಿಂದಲೇ ಗೋಡೆಯಲ್ಲಿ ಕಲೆ ಕಾಣುವುದಕ್ಕೆ ಎಷ್ಟೋ ಮುಂಚೆ ವಾಸನೆ ಬಂದಿರುತ್ತದೆ. ಆದರೆ ಮೂಗಿಗೆ ಒಂದು ದೌರ್ಬಲ್ಯವೂ ಉಂಟು. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಅದು ದಣಿದು ಸುಮ್ಮನಾಗುತ್ತದೆ. ಮನೆಯವರಿಗೆ ಗೊತ್ತಾಗದ ಮುಗ್ಗಲು ನೆಂಟರಿಗೆ ಹೊಸ್ತಿಲಲ್ಲಿಯೇ ಗೊತ್ತಾಗುವುದು ಇದರಿಂದ. ಶೋಧನೆಗೆ ಹೊರಡುವವನು ಎರಡು ಮೂರು ಗಂಟೆ ಹೊರಗಿದ್ದು ಬಂದು, ಕೋಣೆಯ ಮೂಲೆ ಮೂಲೆಗೂ ಬಗ್ಗಿ, ವಾಸನೆ ಎಲ್ಲಿ ದಟ್ಟವಾಗಿದೆಯೆಂದು ಮೊದಲು ಕಂಡುಕೊಳ್ಳಬೇಕು.

ನೆಲದಡಿಯ ಕೋಣೆ ನಮಗೆ ಹೊಸದೆಂದು ಭಾವಿಸಬೇಕಾಗಿಲ್ಲ. ಸಿಮೆಂಟು ಬರುವ ಮೊದಲು ಹಳೆಯ ಮೈಸೂರು ಸೀಮೆಯ ರಾಗಿ ಬೆಳೆಯುವ ಊರುಗಳಲ್ಲಿ ಮನೆಯ ಮುಂದಿನ ಗಟ್ಟಿನೆಲದಲ್ಲಿ ಹಗೇವು ತೋಡುತ್ತಿದ್ದರು. ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದಾದ ಬಾಯಿ, ಒಳಗೆ ಮಡಕೆಯಂತೆ ಅಗಲವಾದ ಒಡಲು; ರಾಗಿ ತುಂಬಿ, ಹುಲ್ಲು ಹೊದಿಸಿ, ಬಾಯಿಗೆ ಚಪ್ಪಡಿ ಎಳೆದು, ಸಂದುಗಳಿಗೆ ಮಣ್ಣು ಮೆತ್ತಿದರೆ ಒಳಗಿನ ಕಾಳು ತಾನೇ ಉಸಿರಾಡಿ ಆಮ್ಲಜನಕವನ್ನು ತೀರಿಸಿ, ಹುಳುವಿಗೂ ಬೂಷ್ಟಿಗೂ ಬಾಳಲು ಎಡೆಯಿಲ್ಲದಂತೆ ಮಾಡುತ್ತಿತ್ತು. ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದುದು ಈ ಕ್ರಮದಿಂದ. ಹಗೇವು ತೆಗೆಯುವ ದಿನ ಚಪ್ಪಡಿ ಸರಿಸಿ, ಬಹಳ ಹೊತ್ತು ಹಾಗೆಯೇ ಬಿಟ್ಟು, ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು ಅದು ನಂದದಿದ್ದರೆ ಮಾತ್ರ ಇಳಿಯುತ್ತಿದ್ದರು. ಗಾಳಿಗಿಂತ ಭಾರವಾದ ಇಂಗಾಲದ ಡೈ ಆಕ್ಸೈಡು ತಳದಲ್ಲಿ ನಿಂತಿರುತ್ತದೆಂಬ ಶಾಸ್ತ್ರ ತಿಳಿಯದಿದ್ದರೂ ಅದರ ಅಪಾಯವನ್ನು ಅವರು ಬಲ್ಲವರಾಗಿದ್ದರು.

ಇಂಥ ಹಗೇವಿನಲ್ಲಿ ರಾಗಿ ಮುಗ್ಗಿದಾಗ ಅದು ಎಲ್ಲಿ ಮುಗ್ಗಿದೆಯೆಂಬುದೇ ನೀರು ಬಂದ ದಾರಿಯನ್ನು ಹೇಳಿಬಿಡುತ್ತದೆ. ಬಾಯಿಯ ಹತ್ತಿರದ ಕಾಳು ಕಪ್ಪಿಟ್ಟಿದ್ದರೆ ಮೇಲಿನ ಮಣ್ಣಿನ ಮೆತ್ತುಗೆ ಬಿರಿದು ಮಳೆನೀರು ಇಳಿದಿದೆ. ತಳ ಮಾತ್ರ ಕೆಟ್ಟಿದ್ದರೆ ನೆಲದ ನೀರು ಮೇಲೇರಿದೆ. ಒಂದು ಮಗ್ಗುಲು ಮಾತ್ರ ಹಾಳಾಗಿದ್ದರೆ ಆ ಕಡೆಯ ಬಚ್ಚಲ ಗುಂಡಿಯೋ ಚರಂಡಿಯೋ ಬಸಿದಿದೆ. ಸುತ್ತಲೂ ಅಂಚಿನ ತೆಳುವಾದ ಒಂದು ಪದರ ಮುಗ್ಗಿ ನಡುವಿನದು ಚೊಕ್ಕವಾಗಿದ್ದರೆ, ತಂಪಾದ ಗೋಡೆಗೆ ಒಳಗಿನ ಆವಿಯೇ ಬೆವರಾಗಿ ಕೂತಿದೆ. ಇಂದಿನ ಕಾಂಕ್ರೀಟಿನ ನೆಲಮಾಳಿಗೆಗೂ ಈ ತರ್ಕವೇ ಸಾಕು.

ಈ ನಾಲ್ಕು ತಾಲ್ಲೂಕುಗಳಲ್ಲಿ ನೆಲದ ನೀರಿನ ಪ್ರಶ್ನೆ ಮುಖ್ಯವಾಗುವುದಕ್ಕೆ ಕಾರಣಗಳಿವೆ. ಕೃಷ್ಣರಾಜನಗರವೆಂಬ ಊರು ಹುಟ್ಟಿದ್ದೇ ನೀರಿನ ಕಾಟದಿಂದ. ಅರ್ಕೇಶ್ವರನ ಗುಡಿಯಿರುವ ಹಳೆಯ ಎಡತೊರೆ ಕಾವೇರಿಯ ದಂಡೆಯ ಮೇಲಿನ ಊರು. 1924ರ ಮಹಾಪ್ರವಾಹದ ಅನಂತರ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಎತ್ತರದ ನೆಲದಲ್ಲಿ ಹೊಸ ಪಟ್ಟಣವನ್ನು ಕಟ್ಟಿ ಅದಕ್ಕೆ ಅವರ ಹೆಸರನ್ನೇ ಇಟ್ಟರು. ಪ್ರವಾಹದಿಂದ ಊರು ಪಾರಾಯಿತಾದರೂ, ಆ ತಾಲ್ಲೂಕಿನ ಭತ್ತದ ಬಯಲುಗಳಲ್ಲಿ ನಾಲೆಯ ನೀರು ನಿಂತಾಗ ಸುತ್ತಲ ಹಳ್ಳಿಗಳ ಬಾವಿಗಳಲ್ಲಿ ನೀರು ಮೇಲೇರುವುದು ತಪ್ಪಲಿಲ್ಲ. ಹುಣಸೂರು ತಾಲ್ಲೂಕಿನ ಹನಗೋಡಿನಲ್ಲಿ ಲಕ್ಷ್ಮಣತೀರ್ಥಕ್ಕೆ ಅಣೆಕಟ್ಟೆಯುಂಟು. ಪಿರಿಯಾಪಟ್ಟಣದ ಕಡೆಗೆ ಹಾರಂಗಿಯ ನಾಲೆ ಬರುತ್ತದೆ. ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಬೀಚನಹಳ್ಳಿಯ ಬಳಿ 1974ರಲ್ಲಿ ಮುಗಿದ ಕಬಿನಿ ಜಲಾಶಯವಲ್ಲದೆ ತಾರಕ, ನುಗು, ಹೆಬ್ಬಳ್ಳಗಳ ನೀರೂ ಇದೆ. ನಾಲೆಗೆ ನೀರು ಬಿಡುವ ಕಾಲವೂ ಮುಂಗಾರು ಬಲಿಯುವ ಕಾಲವೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಗೋಡೆಗೆ ಬಂದ ತೇವ ಆಕಾಶದ್ದೋ ನೆಲದ್ದೋ ಎಂಬ ಗೊಂದಲ ಇಲ್ಲಿ ಸಹಜ.

ಗೊಂದಲವನ್ನು ಬಿಡಿಸುವ ಮೊದಲ ಉಪಾಯ ಗೋಡೆಯನ್ನು ಸಾವಧಾನವಾಗಿ ನೋಡುವುದು. ನೆಲದಿಂದ ಮೇಲೆ ಎರಡು ಮೂರು ಅಡಿಯವರೆಗೆ ಒಂದೇ ಸಮನಾದ ತೇವದ ಪಟ್ಟಿ ಇದ್ದು, ಅದರ ಮೇಲಂಚಿನಲ್ಲಿ ಉಪ್ಪಿನಂಥ ಬಿಳಿಯ ಪುಡಿ ಮೂಡಿ, ಗಾರೆ ಉಗುರಿಗೆ ಉದುರುವಂತಿದ್ದರೆ, ಅದು ತಳಪಾಯದಿಂದ ಏರಿದ ನೀರು. ಇಟ್ಟಿಗೆ, ಮಣ್ಣು, ಗಾರೆಗಳ ಸೂಕ್ಷ್ಮರಂಧ್ರಗಳಲ್ಲಿ ನೀರು ಕೇಶಾಕರ್ಷಣದಿಂದ ತಾನಾಗಿ ಮೇಲೇರುತ್ತದೆ. ಏರಿ ಆರಿದಾಗ ತನ್ನೊಡನೆ ತಂದ ಲವಣಗಳನ್ನು ಗೋಡೆಯ ಮೈಮೇಲೆ ಬಿಟ್ಟುಹೋಗುತ್ತದೆ. ಕಲೆ ಮೇಲಿನಿಂದ ಕೆಳಕ್ಕೆ ಇಳಿದು, ಅಂಚು ಕಂದುಬಣ್ಣಕ್ಕೆ ತಿರುಗಿದ್ದರೆ ಸೂರಿನ ಹೆಂಚನ್ನೋ ತಾರಸಿಯನ್ನೋ ನೋಡಬೇಕು. ಗೋಡೆಯ ನಡುವೆ ಎಲ್ಲಿಯೋ ಗುಂಡಗೆ ತೇವ ಹರಡಿದ್ದರೆ ಅದರ ಹಿಂದೆ ಕೊಳಾಯಿಯಿರುವ ಸಂಭವ ಹೆಚ್ಚು. ಹಳ್ಳಿಯ ಮನೆಗಳಲ್ಲಿ ಇನ್ನೊಂದು ವಿಶೇಷವುಂಟು: ಗೋಡೆಯ ಆಚೆಗೆ ಕೊಟ್ಟಿಗೆಯೋ ತಿಪ್ಪೆಯೋ ಇದ್ದು ವರ್ಷಾನುಗಟ್ಟಲೆ ಗಂಜಲ ಇಂಗಿದ್ದರೆ, ಗೋಡೆ ಹೀರಿಕೊಂಡ ಆ ಲವಣಗಳು ಗಾಳಿಯ ತೇವವನ್ನೇ ಸೆಳೆದುಕೊಳ್ಳುತ್ತವೆ. ಅಂಥ ಗೋಡೆ ಮಳೆಯಿಲ್ಲದ ಮೋಡದ ದಿನದಲ್ಲಿಯೂ ಒದ್ದೆಯಾಗುತ್ತದೆ. ಸೋರುವ ಜಾಗ ಹುಡುಕಿದರೆ ಸಿಗುವುದೇ ಇಲ್ಲ.

ಕಣ್ಣಿಗೆ ನಿಶ್ಚಯವಾಗದಿದ್ದಲ್ಲಿ ಒಂದು ಸರಳ ಪ್ರಯೋಗವಿದೆ. ನಾಲ್ಕು ಕಾಸಿನ ಖರ್ಚಿನದು. ಸುಮಾರು ಎರಡಡಿ ಚೌಕದ ತಿಳಿಯಾದ ಪ್ಲಾಸ್ಟಿಕ್ ಹಾಳೆಯೊಂದನ್ನು ತೆಗೆದುಕೊಂಡು, ಅನುಮಾನವಿರುವ ಗೋಡೆಯ ಅಥವಾ ನೆಲದ ಒಂದು ಭಾಗವನ್ನು ಬಟ್ಟೆಯಿಂದ ಚೆನ್ನಾಗಿ ಒರಸಿ ಒಣಗಿಸಿ, ಹಾಳೆಯನ್ನು ಹಾಸಿ, ನಾಲ್ಕಂಚಿಗೂ ಅಗಲವಾದ ಅಂಟುಪಟ್ಟಿಯನ್ನು ಒತ್ತಿ ಗಾಳಿಯಾಡದಂತೆ ಅಂಟಿಸಬೇಕು. ಒಂದೆರಡು ದಿನ ಬಿಟ್ಟು ನೋಡಿದಾಗ, ಹಾಳೆಯ ಒಳಮೈಯಲ್ಲಿ, ಎಂದರೆ ಗೋಡೆಯ ಕಡೆಗೆ, ಹನಿಗಟ್ಟಿದ್ದರೆ ಅಥವಾ ಅದರಡಿಯ ಗಾರೆ ಕಪ್ಪಾಗಿದ್ದರೆ, ನೀರು ಗೋಡೆಯೊಳಗಿಂದ ಬರುತ್ತಿದೆ. ಒಳಮೈ ಒಣಗಿದ್ದು ಹೊರಮೈಯಲ್ಲಿ ಹನಿಯಿದ್ದರೆ, ಕೋಣೆಯ ಗಾಳಿಯಲ್ಲಿದ್ದ ಆವಿ ತಂಪಾದ ಮೈಗೆ ತಾಕಿ ನೀರಾಗಿದೆ. ಎರಡೂ ಕಡೆ ನೀರಿದ್ದರೆ ಎರಡು ಕಾರಣಗಳೂ ಕೂಡಿವೆ. ನೆಲಮಾಳಿಗೆಗಳಲ್ಲಿ ಇದೇನೂ ಅಪರೂಪವಲ್ಲ. ಈ ಒಂದು ಪರೀಕ್ಷೆಯನ್ನು ಮಾಡದೆ ಗೋಡೆಗೆ ನೀರುನಿರೋಧಕ ಬಳಿಯಿಸುವವನು, ಕಾರಣ ಆವಿಯಾಗಿದ್ದ ಪಕ್ಷದಲ್ಲಿ, ಹಣವನ್ನು ಗೋಡೆಗೆ ಬಳಿದಂತೆಯೇ ಸರಿ.

ಗಾಳಿಯ ಆವಿಯಿಂದ ಆಗುವ ತೇವವನ್ನು ಜನ ನಂಬುವುದು ಕಷ್ಟ. ತಣ್ಣೀರು ತುಂಬಿದ ತಾಮ್ರದ ಚೊಂಬು ಬೇಸಗೆಯಲ್ಲಿ ಹೊರಮೈಯಲ್ಲಿ ಬೆವರುವುದನ್ನು ಎಲ್ಲರೂ ಕಂಡಿದ್ದಾರೆ. ಚೊಂಬು ಸೋರುತ್ತಿದೆಯೆಂದು ಯಾರೂ ಹೇಳುವುದಿಲ್ಲ. ಗೋಡೆಯ ವಿಷಯದಲ್ಲಿ ನಡೆಯುವುದೂ ಅದೇ ಕ್ರಿಯೆ. ಒಂದು ಘನಮೀಟರು ಗಾಳಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 30 ಗ್ರಾಂ ಆವಿಯನ್ನು ಹಿಡಿದಿಡಬಲ್ಲದು; 20 ಡಿಗ್ರಿಗೆ ತಂಪಾದರೆ 17 ಗ್ರಾಂ ಮಾತ್ರ. ಹೊರಗಿನ ಗಾಳಿ 28 ಡಿಗ್ರಿ ಉಷ್ಣತೆಯಲ್ಲಿದ್ದು ಆರ್ದ್ರತೆ ನೂರಕ್ಕೆ 80 ಇದ್ದರೆ, 24 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಯನ್ನು ತಾಕಿದರೂ ಅದು ನೀರು ಬಿಡುತ್ತದೆ. ಮೂರು ಕಡೆ ಮಣ್ಣಿಗೆ ಆತುಕೊಂಡ ನೆಲಮಾಳಿಗೆಯ ಗೋಡೆ 23 ಡಿಗ್ರಿಯಲ್ಲಿದ್ದರೆ, ಗಾಳಿಯಾಡಲೆಂದು ಮಳೆಗಾಲದ ಮಧ್ಯಾಹ್ನ ಕಿಟಕಿ ತೆರೆದಿಟ್ಟವರು ತಮ್ಮ ಕೈಯಿಂದಲೇ ನೀರನ್ನು ಒಳಕ್ಕೆ ಕರೆದಂತಾಗುತ್ತದೆ. ಗಾಳಿ ಬೇಕು, ನಿಜ. ಆದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರುವ ವೇಳೆಯಲ್ಲಿ ಬೇಕು. ಮಳೆಬಿಟ್ಟ ಬಿಸಿಲುದಿನ, ಹಿಂಗಾರು ಕಳೆದ ಚಳಿಗಾಲ, ಬೇಸಗೆಯ ತಂಪು ಬೆಳಗು ಇವು ಕಿಟಕಿ ತೆರೆಯುವ ಕಾಲ. ಕೆಲವು ನೂರು ರೂಪಾಯಿಗೆ ದೊರೆಯುವ ಪುಟ್ಟ ಆರ್ದ್ರತಾಮಾಪಕವೊಂದನ್ನು ಗೋಡೆಗೆ ತೂಗುಹಾಕಿ, ಅದರ ಮುಳ್ಳು 60ರ ಕೆಳಗಿರುವಂತೆ ನೋಡಿಕೊಂಡರೆ ಬೂಷ್ಟಿಗೆ ಎಡೆಯಿರುವುದಿಲ್ಲ.

ಈ ಸೀಮೆಯ ರೈತನಿಗೆ ಇದೆಲ್ಲ ಹೊಸ ವಿದ್ಯೆಯೇನಲ್ಲ. ಬ್ಯಾರನ್ನಿನಲ್ಲಿ ಹದಮಾಡಿದ ತಂಬಾಕಿನ ಎಲೆ ಮೊದಲು ಮುಟ್ಟಿದರೆ ಪುಡಿಯಾಗುವಷ್ಟು ಒಣಗಿರುತ್ತದೆ. ಬಾಗಿಲು ತೆರೆದು ಗಾಳಿಯ ತೇವ ಕುಡಿಸಿ, ಎಲೆ ಮೆತ್ತಗಾದ ಮೇಲೆಯೇ ಅದನ್ನು ಇಳಿಸುತ್ತಾರೆ. ತೇವ ಹೆಚ್ಚಾದ ಎಲೆಯನ್ನು ಬೇಲು ಕಟ್ಟಿದರೆ ಅದು ಮುಗ್ಗಿ, ಕಟ್ಟೆಮಳಲವಾಡಿಯಲ್ಲಾಗಲಿ ಕಂಪಲಾಪುರದಲ್ಲಾಗಲಿ ಹರಾಜುಕಟ್ಟೆಯ ಮೇಲೆ ಬೆಲೆ ಬೀಳುತ್ತದೆಂಬುದನ್ನು ಬಲ್ಲವನು, ಎಲೆಯನ್ನು ಎರಡು ಬೆರಳಿನ ನಡುವೆ ಹಿಸುಕಿ ಹದ ಹೇಳಬಲ್ಲ. ಭತ್ತದವರು ತೇವಾಂಶ ನೂರಕ್ಕೆ 14ಕ್ಕಿಂತ ಕೆಳಗಿಳಿಯದೆ ಕಣಜ ಸೇರಿಸುವುದಿಲ್ಲ. ಬೇಲನ್ನೂ ಮೂಟೆಯನ್ನೂ ನೆಲಕ್ಕೆ ಮುಟ್ಟಿಸದೆ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ಈಚೆಗೆ ಇಡುವ ಜಾಣ್ಮೆಯೂ ಇವರದೇ. ಅದೇ ಎಚ್ಚರವನ್ನು ಬಟ್ಟೆಯ ಪೆಟ್ಟಿಗೆಗೂ ಪುಸ್ತಕದ ಕಪಾಟಿಗೂ ವಿಸ್ತರಿಸುವುದೊಂದೇ ಉಳಿದಿರುವ ಕೆಲಸ. ಗೋಡೆಗೆ ಒತ್ತಿಕೊಂಡು ನಿಂತ ಬೀರುವಿನ ಬೆನ್ನಹಿಂದೆ ಬೂಷ್ಟು ಬೆಳೆಯುವಷ್ಟು ಹುಲುಸಾಗಿ ಮತ್ತೆಲ್ಲಿಯೂ ಬೆಳೆಯದು.

ಹೊರಗಿನಿಂದ ಗೋಡೆಗೆ ಬರುವ ನೀರು, ಗಾಳಿಯ ಆವಿ ಇವೆರಡರ ಜೊತೆಗೆ ಮೂರನೆಯ ಮೂಲ ಮನೆಯದೇ ನೀರು. ರಾತ್ರಿ ಮಲಗುವ ಮುನ್ನ ಎಲ್ಲ ನಲ್ಲಿಗಳನ್ನೂ ಕಟ್ಟಿ, ಮೀಟರಿದ್ದರೆ ಅದರ ಅಂಕೆಯನ್ನು ಬರೆದಿಟ್ಟು, ಇಲ್ಲದಿದ್ದರೆ ಮೇಲಿನ ಟ್ಯಾಂಕಿನಲ್ಲಿ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆಯೆಳೆದು, ಬೆಳಗ್ಗೆ ನೋಡಿದರೆ ಕೊಳಾಯಿಯ ಗುಟ್ಟು ಬಯಲಾಗುತ್ತದೆ. ಬಚ್ಚಲಿನ ನೆಲ ಸೋರುವುದೆಂಬ ಸಂಶಯಕ್ಕೆ ಬಣ್ಣ ಕಲಸಿದ ನೀರನ್ನು ಅಲ್ಲಿ ಹೊಯ್ದು ಕೆಳಗೆ ಕಾದುನೋಡಬಹುದು. ತೊಟ್ಟಿಮನೆಗಳಲ್ಲಿ ತೊಟ್ಟಿಗೆ ಬಿದ್ದ ಮಳೆನೀರನ್ನು ಹೊರಕ್ಕೆ ಒಯ್ಯುವ ಮೋರಿ ಪಡಸಾಲೆಯ ನೆಲದಡಿಯಲ್ಲಿ ಹಾದುಹೋಗಿರುತ್ತದೆ. ಅದು ಹೂಳು ತುಂಬಿ ಕಟ್ಟಿದ್ದರೆ, ನೀರು ಹೊರಗೆ ಹೋದಂತೆ ಕಂಡರೂ ನಡುಮನೆಯ ಅಡಿಯ ಮಣ್ಣಿಗೆ ಇಂಗುತ್ತಿರುತ್ತದೆ. ಅಂಗಡಿಯ ನೆಲಮಾಳಿಗೆಯಲ್ಲಿ ಸಂಪು ಇದ್ದರೆ ಅದರ ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡುವುದನ್ನು ಮರೆಯಬಾರದು.

ಕಾರಣವನ್ನು ನಿಶ್ಚಯಿಸಿಕೊಳ್ಳಲು ಕಾಲದ ದಿನಚರಿಯಷ್ಟು ನೆರವಾಗುವುದು ಬೇರೊಂದಿಲ್ಲ. ಒಂದು ಕ್ಯಾಲೆಂಡರಿನ ಮೇಲೆ ಮಳೆ ಬಿದ್ದ ದಿನ, ನಾಲೆಗೆ ನೀರು ಬಿಟ್ಟ ದಿನ, ವಾಸನೆ ಹೆಚ್ಚಿದ ದಿನಗಳನ್ನು ಗುರುತು ಮಾಡುತ್ತ ಬಂದರೆ, ಮಳೆಯ ಮರುದಿನವೇ ಹೆಚ್ಚುವ ವಾಸನೆ ಸೂರನ್ನೂ ಅಂಗಳದ ಇಳಿಜಾರನ್ನೂ ತೋರಿಸುತ್ತದೆ. ನಾಲೆ ತುಂಬಿ ವಾರಗಳು ಕಳೆದ ಮೇಲೆ ಬಂದು, ನಾಲೆ ನಿಂತ ಎಷ್ಟೋ ದಿನದ ಮೇಲೆ ಹೋಗುವ ವಾಸನೆ ಅಂತರ್ಜಲದ್ದು. ಮಳೆ ಬಿಸಿಲೆನ್ನದೆ ವರ್ಷವಿಡೀ ಒಂದೇ ಸಮನಾಗಿರುವುದು ಕೊಳಾಯಿಯದು.

ಎಲ್ಲ ದುರ್ವಾಸನೆಯೂ ಮುಗ್ಗಲಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಕೊಳೆತ ಮೊಟ್ಟೆಯ ನಾತವಾದರೆ ಅದು ಚರಂಡಿಯ ಅನಿಲ. ಬಹುದಿನ ಬಳಸದ ಬಚ್ಚಲಿನ ಟ್ರ್ಯಾಪಿನಲ್ಲಿ ಅನಿಲವನ್ನು ತಡೆದು ನಿಲ್ಲಿಸುವ ನೀರು ಆರಿಹೋಗಿರುತ್ತದೆ, ಎರಡು ಚೊಂಬು ನೀರು ಹೊಯ್ದರೆ ನಿಲ್ಲುತ್ತದೆ. ನಿಲ್ಲದಿದ್ದರೆ ಯಂತ್ರವುಳ್ಳವರನ್ನು ಕರೆಸಬೇಕೇ ಹೊರತು ಗುಂಡಿಗೆ ಯಾರನ್ನೂ ಇಳಿಸಬಾರದು. ಅಲ್ಲಿ ದೀಪ ಇಳಿಬಿಡುವ ಹಳೆಯ ಪರೀಕ್ಷೆಯೂ ಅಪಾಯಕರ, ಚರಂಡಿಯ ಅನಿಲ ಹೊತ್ತಿಕೊಳ್ಳಬಲ್ಲದು. ಸಿಹಿಬೆರೆತ ಕೊಳೆತ ವಾಸನೆ ಸತ್ತ ಇಲಿಯದು. ಅಟ್ಟದಿಂದ ಬರುವ ಘಾಟು ಬಾವಲಿಯದು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆಯಿದ್ದರೆ ವಿದ್ಯುತ್ತಿನ ಮೆಯಿನ್ ಸ್ವಿಚ್ಚನ್ನು ಆರಿಸಿ ಕೆಲಸದವನನ್ನು ಕರೆಯುವುದಕ್ಕೆ ಒಂದು ನಿಮಿಷವೂ ತಡಮಾಡಬಾರದು.

ಪರಿಹಾರಗಳು ಕಾರಣವನ್ನು ಅನುಸರಿಸುತ್ತವೆ, ಮತ್ತು ಅವುಗಳಲ್ಲಿ ಅಗ್ಗವಾದುವೇ ಬಹುಪಾಲು ಫಲಕಾರಿ. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ದೋಣಿ ಕಟ್ಟುವುದು, ಅಂಗಳದ ಇಳಿಜಾರನ್ನು ಮನೆಯಿಂದ ಹೊರಕ್ಕೆ ತಿರುಗಿಸುವುದು, ಚರಂಡಿಯ ಹೂಳೆತ್ತುವುದು, ಗೋಡೆಗೆ ಒರಗಿಸಿ ಒಟ್ಟಿದ ಮಣ್ಣನ್ನೂ ಸೌದೆಯನ್ನೂ ತೆಗೆಯುವುದು, ಇಷ್ಟರಿಂದಲೇ ಎಷ್ಟೋ ಮನೆಗಳ ಮುಗ್ಗಲು ಹೋಗುತ್ತದೆ. ನಮ್ಮ ಪೇಟೆಗಳಲ್ಲಿ ರಸ್ತೆಗೆ ಪದರದ ಮೇಲೆ ಪದರ ಡಾಂಬರು ಬಿದ್ದು, ಹಿಂದೆ ಮೂರು ಮೆಟ್ಟಲು ಹತ್ತಿ ಹೋಗುತ್ತಿದ್ದ ಜಗಲಿಗೆ ಈಗ ಒಂದು ಮೆಟ್ಟಲು ಇಳಿಯಬೇಕಾಗಿರುವ ಮನೆಗಳಿವೆ. ಅಂಥಲ್ಲಿ ಗೋಡೆಯ ಗುಂಟ ಜಲ್ಲಿ ತುಂಬಿದ ಬಸಿಗಾಲುವೆ ತೋಡದೆ ಗತಿಯಿಲ್ಲ. ಮಣ್ಣಿನ ಗೋಡೆಯ ಮನೆಯವರು ಇನ್ನೊಂದು ಮಾತನ್ನು ನೆನಪಿಡಬೇಕು. ಸುಣ್ಣದ ಗಾರೆ ತೇವವನ್ನು ಆರಲು ಬಿಡುತ್ತದೆ, ತನ್ನ ಕ್ಷಾರಗುಣದಿಂದ ಬೂಷ್ಟನ್ನೂ ತಡೆಯುತ್ತದೆ. ಅದರ ಮೇಲೆ ಭದ್ರತೆಗೆಂದು ಸಿಮೆಂಟು ಮೆತ್ತಿ ಎಣ್ಣೆಬಣ್ಣ ಬಳಿದರೆ, ಹೊರಗೆ ಹೋಗಲಾರದ ನೀರು ಗೋಡೆಯೊಳಗೇ ಇನ್ನಷ್ಟು ಎತ್ತರಕ್ಕೆ ಏರಿ ಮಣ್ಣನ್ನು ಮೆತ್ತಗೆ ಮಾಡುತ್ತದೆ. 2019ರ ಆಗಸ್ಟಿನ ಮಳೆಯಲ್ಲಿ ಹುಣಸೂರು, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಮಣ್ಣಿನ ಮನೆಗಳು ಕುಸಿದುದನ್ನು ಕಂಡವರಿಗೆ, ನೆನೆದ ಗೋಡೆಯ ಮುಂದೆ ವಾಸನೆ ಒಂದು ಸಣ್ಣ ದೋಷವೆಂಬುದನ್ನು ವಿವರಿಸಬೇಕಾಗಿಲ್ಲ.

ಬೂಷ್ಟನ್ನು ಒಣಬಟ್ಟೆಯಿಂದ ಕೊಡವಬಾರದು. ಮೂಗುಬಾಯಿಗೆ ಮುಸುಕು ಕಟ್ಟಿ, ಸೋಪಿನ ನೀರಿನಿಂದ ಒದ್ದೆಮಾಡಿ ಉಜ್ಜಿ, ಪೂರ್ತಿ ಒಣಗಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ತೇವ ಮತ್ತು ಬೂಷ್ಟುಗಳನ್ನು ಕುರಿತೇ ಪ್ರತ್ಯೇಕವಾದ ಮಾರ್ಗಸೂಚಿಯನ್ನು ಹೊರಡಿಸಿ, ಅಂಥ ಮನೆಗಳಲ್ಲಿ ಉಬ್ಬಸ ಮತ್ತು ಉಸಿರಾಟದ ಇತರ ತೊಂದರೆಗಳು ಹೆಚ್ಚೆಂದು ಎಚ್ಚರಿಸಿದೆ. ಮುಗ್ಗಿದ ಕಡಲೆಕಾಯಿ, ಜೋಳಗಳನ್ನು ತೊಳೆದು ತಿನ್ನುವ ಮಿತವ್ಯಯವೂ ಸಲ್ಲದು. ಅವುಗಳಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ ಬೇಯಿಸಿದರೂ ಸಂಪೂರ್ಣವಾಗಿ ಹೋಗುವುದಿಲ್ಲ, ಯಕೃತ್ತಿಗೆ ಹಾನಿಕರ.

ಈ ಮಳೆಗಾಲದಲ್ಲಿ ಮನೆಯೊಳಗೆ ಮುಗ್ಗಲು ಸುಳಿದರೆ ಓದುಗರು ಮೊದಲು ಬಣ್ಣದ ಅಂಗಡಿಗೆ ಹೋಗದಿರಲಿ. ಜೋರು ಮಳೆ ಬರುತ್ತಿರುವಾಗಲೇ ಕೊಡೆ ಹಿಡಿದು ಮನೆಯ ಸುತ್ತ ಒಂದು ಬಾರಿ ನಡೆದು, ನೀರು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಮರೆಯಾಗುತ್ತದೆಂದು ನೋಡಿ ಬರಲಿ. ಮೇಸ್ತ್ರಿಗೆ ಮುಂಗಡ ಕೊಡುವ ಮಾತು ಅದಾದ ಮೇಲೆ.